ಪಿಂಗೆಲಾ ಎಂಬ ಪದವೂ ಅದನ್ನು ದಾಟಿಸಲಾಗದ ಅನುವಾದ ಸೇವೆಯೂ

ಕಳೆದ ನಾಲ್ಕು ತಿಂಗಳಿಂದ ನಾನು ಫೋನಿನಲ್ಲಿ ಒಂದು ಅನುವಾದ ಸೇವೆಯನ್ನು ಚಂದಾ ಕಟ್ಟಿ ಬಳಸುತ್ತಿದ್ದೇನೆ. ಪೋರ್ಚುಗೀಸಿನ ಪಠ್ಯವನ್ನು, ಮಾತನ್ನು, ಚಿತ್ರದೊಳಗಿನ ಬರಹವನ್ನು ನೇರವಾಗಿ ಕನ್ನಡಕ್ಕೆ ತಂದುಕೊಡುವುದಾಗಿ ಅದು ಹೇಳಿಕೊಳ್ಳುತ್ತದೆ. ಬ್ರೆಜಿಲಿನ ಇತ್ತೀಚಿನ ರಾಜಕೀಯದ ಬಗ್ಗೆ ಕೆಲವು ಲೇಖನಗಳನ್ನು ಕನ್ನಡಕ್ಕೆ ಅನುವಾದಿಸುವ ಕೆಲಸವನ್ನು ಒಪ್ಪಿಕೊಂಡಿದ್ದೆ. ನನ್ನ ಪೋರ್ಚುಗೀಸು ಓದುವ ಮಟ್ಟಿಗೆ ಸಾಲುತ್ತದೆಯಾದರೂ ವೇಗವಿಲ್ಲ, ಆದ್ದರಿಂದ ಮೊದಲ ಕರಡಿಗಾದರೂ ಇದು ನೆರವಾದೀತು ಎಂದುಕೊಂಡೆ. ಸೇವೆಯ ಹೆಸರನ್ನು ಇಲ್ಲಿ ಹೇಳುವುದಿಲ್ಲ. ನಾನು ಕಂಡ ಕೊರತೆ ಅದೊಂದರದ್ದೇ ಆಗಿರಲಾರದು, ಇಂಗ್ಲಿಷನ್ನು ನಡುವೆ ಇಟ್ಟುಕೊಂಡು ಎರಡು ಭಾಷೆಗಳನ್ನು ಕೂಡಿಸಲು ಹೊರಟ ಯಾವ ಸೇವೆಯಲ್ಲಿಯೂ ಕಾಣಿಸಿಕೊಳ್ಳಬಹುದಾದದ್ದು.

ಈ ವಿಮರ್ಶೆಯನ್ನು ನಾನು ಒಂದೇ ಒಂದು ಪದದ ಮೇಲೆ ನಿಲ್ಲಿಸುತ್ತಿದ್ದೇನೆ. ಇದು ಅನ್ಯಾಯವೆಂದು ಕೆಲವರಿಗೆ ತೋರಬಹುದು. ಆದರೆ ಪ್ರಜಾಪ್ರಭುತ್ವ, ಹಣದುಬ್ಬರ, ಸಂವಿಧಾನ ಮುಂತಾದ ಪದಗಳಿಗೆ ಎಲ್ಲ ಭಾಷೆಗಳಲ್ಲಿಯೂ ಸಿದ್ಧವಾದ ಜೋಡಿ ಪದಗಳಿವೆ. ಅವನ್ನು ಸರಿಯಾಗಿ ಅನುವಾದಿಸಿದ್ದಕ್ಕೆ ಒಂದು ಸೇವೆಯನ್ನು ಹೊಗಳುವುದರಲ್ಲಿ ಅರ್ಥವಿಲ್ಲ. ಮರ, ನೀರು, ಕಾಲು, ಭಯ ಇವೆಲ್ಲ ಸೇರಿ ಆದ ಒಂದು ಹಳ್ಳಿಯ ಪದ ರಾಜಧಾನಿಯ ರಾಜಕಾರಣಿಯೊಬ್ಬರ ಬಾಯಿಗೆ ಬಂದಾಗ ಅದನ್ನು ಹೇಗೆ ನಿಭಾಯಿಸುತ್ತದೆ ಎಂಬುದರಲ್ಲಿ ಅನುವಾದ ಸೇವೆಯ ಯೋಗ್ಯತೆ ತಿಳಿಯುತ್ತದೆ. ಪಿಂಗೆಲಾ ಅಂಥ ಪದ.

ಪಿಂಗೆಲಾ ಎಂದರೆ ಹಳ್ಳ, ತೊರೆಗಳಿಗೆ ಅಡ್ಡಲಾಗಿ ಹಾಕಿದ ಮರದ ಕಾಂಡ ಅಥವಾ ಹಲಗೆ. ಜನ ಅದರ ಮೇಲೆ ನಡೆದು ಆಚೆ ದಡ ಸೇರುತ್ತಾರೆ. ನಡುವಿನ ಎಕಾರವನ್ನು ಬಾಯಿ ತೆರೆದು ಹೇಳಬೇಕು, ಕಿಟಕಿಯನ್ನು ಹೇಳುವ ಜನೆಲಾ ಎಂಬ ಪದದಲ್ಲಿರುವಂತೆ. ಆ ಜನೆಲಾ ನಮ್ಮ ಕರಾವಳಿಯಲ್ಲಿ ಜನೇಲು ಆಗಿ ಉಳಿದಿದೆ. ಚಾವಿ, ಇಸ್ತ್ರಿ, ಉತ್ತರ ಕರ್ನಾಟಕದ ಪಗಾರ ಎಲ್ಲವೂ ಪೋರ್ಚುಗೀಸಿನಿಂದ ಬಂದವು. ಆ ಭಾಷೆಯಿಂದ ಇಷ್ಟನ್ನು ಪಡೆದ ನಾವು ಪಿಂಗೆಲಾವನ್ನು ಮಾತ್ರ ಪಡೆಯಲಿಲ್ಲ, ಪಡೆಯುವ ಅಗತ್ಯವೂ ಇರಲಿಲ್ಲ. ನಮ್ಮ ಮನೆಯಂಗಳದ ಕೆಳಗೇ ಅದಕ್ಕೊಂದು ಹೆಸರಿತ್ತು.

ನಮ್ಮ ಊರು ಹೊಸನಗರ ತಾಲ್ಲೂಕಿನಲ್ಲಿದೆ. ಮನೆಗೂ ರಸ್ತೆಗೂ ನಡುವೆ ಒಂದು ಹಳ್ಳ. ಬೇಸಿಗೆಯಲ್ಲಿ ಕಲ್ಲಿಂದ ಕಲ್ಲಿಗೆ ಕಾಲಿಟ್ಟು ದಾಟುವಷ್ಟು ಸಣ್ಣದು, ಆರಿದ್ರಾ ಮಳೆ ಹಿಡಿದರೆ ಎದೆಮಟ್ಟಕ್ಕೂ ಮೀರಿದ್ದು. ಅದಕ್ಕೆ ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಕಾಲುಸಂಕ ಹಾಕುತ್ತಿದ್ದರು. ಫಸಲು ನಿಂತ ಎರಡು ಅಡಿಕೆ ಮರಗಳನ್ನು ಕಡಿದು ಪಕ್ಕಪಕ್ಕಕ್ಕೆ ಒರಗಿಸಿ, ಅವುಗಳ ಮೇಲೆ ಅಡ್ಡಲಾಗಿ ದಬ್ಬೆಗಳನ್ನು ಬಡಿದು, ಒಂದು ಬದಿಗೆ ಮಾತ್ರ ಬಿದಿರಿನ ಕೈಹಿಡಿಯನ್ನು ಕಟ್ಟಿದರೆ ಸಂಕ ಮುಗಿಯಿತು. ಪುನರ್ವಸು ಮಳೆಯ ಹೊತ್ತಿಗೆ ದಬ್ಬೆಯ ಮೇಲೆ ಹಾವಸೆ ಕಟ್ಟುತ್ತಿತ್ತು, ಆಗ ಯಾರಾದರೊಬ್ಬರು ಕತ್ತಿಯ ಹಿಂಬದಿಯಿಂದ ಅದನ್ನು ಹೆರೆದು ತೆಗೆಯುತ್ತಿದ್ದರು. ಚಪ್ಪಲಿಯನ್ನು ಕೈಯಲ್ಲಿ ಹಿಡಿಯಬೇಕು. ಸಂಕದ ಮೇಲೆ ಒಬ್ಬರಿರುವಾಗ ಇನ್ನೊಬ್ಬರು ಕಾಲಿಡಬಾರದು. ಎರಡೂ ದಡದಲ್ಲಿ ಜನ ನಿಂತಿದ್ದರೆ ಹೊರೆ ಹೊತ್ತವರು ಮೊದಲು. ಈ ನಿಯಮಗಳನ್ನು ಯಾರೂ ಬರೆದಿಟ್ಟಿರಲಿಲ್ಲ, ಆದರೂ ಐದು ವರ್ಷದ ಮಗುವಿಗೂ ಅವು ಗೊತ್ತಿದ್ದವು.

ಮರುವರ್ಷಕ್ಕೆ ಆ ಮರಗಳು ಲಡ್ಡಾಗಿರುತ್ತಿದ್ದವು. ಸಂಕ ಹಾಕುವವರಿಗೂ ಅದನ್ನು ದಾಟುವವರಿಗೂ ಅದು ಒಂದು ಮಳೆಗಾಲದ ಮಾತೆಂದು ತಿಳಿದಿತ್ತು. ಆ ಒಂದು ಮಳೆಗಾಲ ಅದು ನಿಂತರೆ ಸಾಕಿತ್ತು. ಪಿಂಗೆಲಾ ಎಂಬ ಪದದ ಒಳಗೂ ಇದೇ ತಿಳಿವಳಿಕೆಯಿದೆ. ಹಾಗಾಗಿ ಆ ಪದದ ಅನುವಾದ ಸರಿಯಾಗಿದೆಯೇ ಎಂದು ನೋಡುವಾಗ ನಾನು ಮುಖ್ಯವಾಗಿ ಹುಡುಕಿದ್ದು ಈ ತಿಳಿವಳಿಕೆಯನ್ನೇ.

ಮೊದಲ ಪರೀಕ್ಷೆಗೆ ತೀರ ಸರಳವಾದ ವಾಕ್ಯವನ್ನು ಕೊಟ್ಟೆ: ಹುಡುಗ ಬರಿಗಾಲಿನಲ್ಲಿ ಪಿಂಗೆಲಾ ದಾಟಿದ. ಉತ್ತರವಾಗಿ ಬಂದದ್ದು, ಹುಡುಗ ಬರಿಗಾಲಿನಲ್ಲಿ ಪಾದಚಾರಿ ಮೇಲ್ಸೇತುವೆಯನ್ನು ದಾಟಿದನು. ವ್ಯಾಕರಣದಲ್ಲಿ ತಪ್ಪಿಲ್ಲ, ಆದರೆ ಚಿತ್ರವೇ ಬದಲಾಗಿಹೋಗಿದೆ. ಪಾದಚಾರಿ ಮೇಲ್ಸೇತುವೆ ಎಂದೊಡನೆ ಬೆಂಗಳೂರಿನ ವರ್ತುಲ ರಸ್ತೆಯ ಮೇಲಿನ ಕಬ್ಬಿಣದ ಮೆಟ್ಟಿಲುಗಳು ಕಣ್ಣಿಗೆ ಬರುತ್ತವೆ. ಬ್ರೆಜಿಲಿನವರು ಅದಕ್ಕೆ ಪಸರೇಲಾ ಎಂಬ ಬೇರೆಯೇ ಪದವನ್ನು ಇಟ್ಟುಕೊಂಡಿದ್ದಾರೆ. ರೂಪದರ್ಶಿಗಳು ನಡೆಯುವ ವೇದಿಕೆಗೂ ಅದೇ ಹೆಸರು. ನಾನು ಪಸರೇಲಾ ಎಂದು ಬರೆದು ಕೇಳಿದಾಗಲೂ ಸೇವೆ ಪಾದಚಾರಿ ಮೇಲ್ಸೇತುವೆ ಎಂದೇ ಹೇಳಿತು. ಪೋರ್ಚುಗೀಸಿನಲ್ಲಿ ಸ್ಪಷ್ಟವಾಗಿ ಬೇರೆಯಾಗಿರುವ ಎರಡು ವಸ್ತುಗಳು ನಡುವಿನ ಇಂಗ್ಲಿಷ್ ಪದದಲ್ಲಿ ಒಂದಾಗಿ, ಕನ್ನಡಕ್ಕೆ ಬರುವಾಗ ಒಂದೇ ಆಗಿ ಬಂದಿವೆ. ಆ ಕಡೆ ಮರದ ತುಂಡಿಗೆ ಹೆಸರಿತ್ತು, ಈ ಕಡೆಯೂ ಇತ್ತು, ಕಳೆದುಹೋದದ್ದು ದಾರಿಯಲ್ಲಿ.

ಎರಡನೆಯದಾಗಿ ಧ್ವನಿಯ ಸೌಲಭ್ಯವನ್ನು ನೋಡಿದೆ. ನನ್ನ ಉಚ್ಚಾರದ ದೋಷವೂ ಇರಬಹುದೆಂದು ಬ್ರೆಜಿಲಿನವರೊಬ್ಬರ ಧ್ವನಿಯಲ್ಲಿಯೇ ವಾಕ್ಯವನ್ನು ಕೇಳಿಸಿದೆ. ಮೂರು ಸಲದಲ್ಲಿ ಒಂದು ಸಲ ಅದು ಪಿಂಗೆಲಾವನ್ನು ಪನೆಲಾ ಎಂದು ಗ್ರಹಿಸಿ, ಹುಡುಗ ಪಾತ್ರೆಯನ್ನು ದಾಟಿದ ಎಂದು ಬರೆಯಿತು. ಹಳ್ಳಿಗಾಡಿನ ಪದಗಳು ಇಂಥ ಯಂತ್ರಗಳ ಕಿವಿಗೆ ಬೀಳುವುದು ಕಡಿಮೆಯಾದ್ದರಿಂದ ಹತ್ತಿರದ ಅಡುಗೆಮನೆಯ ಪದವನ್ನು ಅದು ಆರಿಸಿಕೊಂಡಿರಬೇಕು. ಈ ತಪ್ಪನ್ನು ನಾನು ದೊಡ್ಡದು ಮಾಡುವುದಿಲ್ಲ. ಕಣ್ಣಿಗೆ ಕಾಣುವ ತಪ್ಪನ್ನು ಓದುಗನೇ ತಿದ್ದಿಕೊಳ್ಳಬಲ್ಲ.

ನನ್ನನ್ನು ನಿಜವಾಗಿ ಕಾಡಿದ್ದು ಮೂರನೆಯ ಪರೀಕ್ಷೆ. ಅದಕ್ಕೆ ಬ್ರೆಜಿಲಿನ ಹಿನ್ನೆಲೆಯನ್ನು ಸ್ವಲ್ಪ ಹೇಳಬೇಕು. 2015ರ ಅಕ್ಟೋಬರಿನಲ್ಲಿ ಅಂದಿನ ಉಪಾಧ್ಯಕ್ಷ ಮಿಷೆಲ್ ತೆಮೆರ್ ಅವರ ಪಕ್ಷ ಒಂದು ಆರ್ಥಿಕ ಕಾರ್ಯಸೂಚಿಯನ್ನು ಹೊರಡಿಸಿತು. ಅದಕ್ಕೆ ಇಟ್ಟ ಹೆಸರಿನ ಅರ್ಥ ಭವಿಷ್ಯಕ್ಕೊಂದು ಸೇತುವೆ ಎಂದು. ಅಲ್ಲಿ ಬಳಸಿದ ಪದ ಪೊಂತೆ: ಕಲ್ಲಿನದೋ ಕಾಂಕ್ರೀಟಿನದೋ ಆದ, ಗಾಡಿ ಲಾರಿಗಳೂ ಹೋಗಬಲ್ಲ ನಿಜವಾದ ಸೇತುವೆ. 2016ರ ಮೇ 12ರಂದು ಸಂಸತ್ತಿನ ಮೇಲ್ಮನೆಯಾದ ಸೆನೆಟ್, ದೇಶದ ಅಧ್ಯಕ್ಷೆ ದಿಲ್ಮಾ ರುಸೆಫ್ ಅವರನ್ನು ಅಧಿಕಾರದಿಂದ ಬದಿಗಿರಿಸಿತು, ಆಗಸ್ಟ್ 31ರಂದು 61ಕ್ಕೆ 20 ಮತಗಳಿಂದ ಪದಚ್ಯುತಗೊಳಿಸಿತು, ಮತ್ತು ತೆಮೆರ್ ಅಧ್ಯಕ್ಷರಾದರು. ಆ ವರ್ಷದ ಕೊನೆಯ ತಿಂಗಳುಗಳಲ್ಲಿ ಮಾಜಿ ಅಧ್ಯಕ್ಷ ಫರ್ನಾಂದೊ ಎನ್ರಿಕೆ ಕಾರ್ದೊಜೊ ಈ ಹೊಸ ಸರ್ಕಾರವನ್ನು ಪಿಂಗೆಲಾ ಎಂದು ಕರೆದರು. ಕಾರ್ದೊಜೊ 1995ರಿಂದ 2002ರ ಕೊನೆಯವರೆಗೆ ದೇಶವನ್ನಾಳಿದವರು, ವೃತ್ತಿಯಿಂದ ಸಮಾಜಶಾಸ್ತ್ರಜ್ಞರು. ಅವರ ಪಕ್ಷ ತೆಮೆರ್ ಸರ್ಕಾರವನ್ನು ಬೆಂಬಲಿಸುತ್ತಿತ್ತು. ಸರ್ಕಾರ ದುರ್ಬಲವೆಂಬುದು ನಿಜ, ಆದರೆ ಮುಂದಿನ ಚುನಾವಣೆಯ ದಡ ಮುಟ್ಟಲು ಸದ್ಯಕ್ಕೆ ಇರುವುದು ಅದೊಂದೇ, ಮುರಿದರೆ ಎಲ್ಲರೂ ನೀರಿಗೆ ಎಂಬುದು ಅವರ ಮಾತಿನ ಭಾವ.

ಒಂದು ಪದ ಇಲ್ಲಿ ಎಷ್ಟು ಕೆಲಸ ಮಾಡಿದೆ ಎಂಬುದನ್ನು ನೋಡಬೇಕು. ತೆಮೆರ್ ಅವರ ಪಕ್ಷ ತನ್ನ ಕಾರ್ಯಸೂಚಿಯನ್ನು ಪೊಂತೆ ಎಂದು ಕರೆದಿತ್ತು. ಬೆಂಬಲಿಗರ ಸಾಲಿನಲ್ಲಿದ್ದ ಹಿರಿಯರೇ ಅದನ್ನು ಪಿಂಗೆಲಾ ಮಟ್ಟಕ್ಕೆ ಇಳಿಸಿದರು. ಆದರೆ ಅದು ಬರಿಯ ಮೂದಲಿಕೆ ಆಗಿರಲಿಲ್ಲ, ಏಕೆಂದರೆ ಪಿಂಗೆಲಾ ದಾಟಿಸುವುದೂ ಉಂಟು. ಬೆಂಬಲವೂ ಅನುಮಾನವೂ ಒಂದೇ ಉಸಿರಿನಲ್ಲಿ ಬಂದವು. ಸರ್ಕಾರದ ವಿರೋಧಿಗಳಿಗೆ ಅದು ತಪ್ಪೊಪ್ಪಿಗೆಯಂತೆ ಕೇಳಿಸಿತು, ಬೆಂಬಲಿಗರಿಗೆ ಎಚ್ಚರಿಕೆಯಂತೆ. ಪತ್ರಿಕೆಗಳು ಆ ಪದವನ್ನು ಬಿಡಲಿಲ್ಲ. 2017ರ ಮೇ ತಿಂಗಳಲ್ಲಿ ಮಾಂಸೋದ್ಯಮದ ಧಣಿಯೊಬ್ಬರು ಅಧ್ಯಕ್ಷರೊಂದಿಗೆ ನಡೆಸಿದ ಮಾತುಕತೆಯ ಗುಪ್ತ ಧ್ವನಿಮುದ್ರಣ ಹೊರಬಂದಾಗ ಪಿಂಗೆಲಾ ಅಲುಗಾಡತೊಡಗಿತು. ಜೂನ್ ತಿಂಗಳಲ್ಲಿ ಕಾರ್ದೊಜೊ ಅದೇ ರೂಪಕವನ್ನು ಮುಂದುವರಿಸಿ, ಪಿಂಗೆಲಾ ಮೇಲೆಯೇ ದಾಟುವುದು ತಮಗೆ ಇಷ್ಟವೆಂದೂ, ಅದು ಹೀಗೆಯೇ ಮುರಿಯುತ್ತ ಹೋದರೆ ಈಜಿ ದಾಟಿ ತೀರ್ಮಾನವನ್ನು ಜನರ ಕೈಗೇ ಒಪ್ಪಿಸುವುದು ಲೇಸೆಂದೂ ಹೇಳಿದರು. ಆ ಆಗಸ್ಟಿನಲ್ಲಿ ಸಂಸತ್ತಿನ ಕೆಳಮನೆಯು ತೆಮೆರ್ ಅವರ ಮೇಲಿನ ಆರೋಪವನ್ನು ವಿಚಾರಣೆಗೆ ಕಳುಹಿಸಲು ಒಪ್ಪಲಿಲ್ಲ. ತೆಮೆರ್ 2018ರ ಕೊನೆಯವರೆಗೂ ಅಧಿಕಾರದಲ್ಲಿದ್ದರು. ಮರ ಮುರಿಯಲಿಲ್ಲ.

ಈ ಇಡೀ ಪ್ರಸಂಗವನ್ನು ವಿವರಿಸುವ ಲೇಖನದ ಒಂದು ಕಂಡಿಕೆಯನ್ನು ಸೇವೆಗೆ ಕೊಟ್ಟೆ. ಬಂದ ಕನ್ನಡದಲ್ಲಿ ಸರ್ಕಾರವು ಪಾದಚಾರಿ ಸೇತುವೆಯಾಗಿತ್ತು. ಪೊಂತೆಗೂ ಸೇತುವೆ, ಪಿಂಗೆಲಾಗೂ ಪಾದಚಾರಿ ಸೇತುವೆ. ಒಂದರ ವಿರುದ್ಧ ಇನ್ನೊಂದನ್ನು ನಿಲ್ಲಿಸಿದ್ದರಿಂದಲೇ ಹುಟ್ಟಿದ ಅರ್ಥ ಪೂರ್ತಿಯಾಗಿ ಅಳಿಸಿಹೋಗಿತ್ತು. ಪಾದಚಾರಿ ಸೇತುವೆಯನ್ನು ಸರ್ಕಾರಗಳು ಉದ್ಘಾಟಿಸುತ್ತವೆ, ಅದಕ್ಕೆ ಫಲಕ ಹಾಕುತ್ತವೆ. ಕನ್ನಡದ ಓದುಗನೊಬ್ಬ ಆ ವಾಕ್ಯವನ್ನು ಓದಿದರೆ, ಹೊಸ ಸರ್ಕಾರ ಸಾಮಾನ್ಯ ನಡಿಗೆಯ ಜನರ ಪರವಾಗಿದೆ ಎಂದು ಮಾಜಿ ಅಧ್ಯಕ್ಷರು ಹೊಗಳುತ್ತಿದ್ದಾರೆಂದು ತಿಳಿದುಕೊಳ್ಳುವ ಸಾಧ್ಯತೆಯೇ ಹೆಚ್ಚು. ಹುಡುಗ ಪಾತ್ರೆಯನ್ನು ದಾಟಿದ ಎಂಬ ತಪ್ಪಿಗಿಂತ ಇದು ಎಷ್ಟೋ ಪಾಲು ಅಪಾಯಕಾರಿ, ಏಕೆಂದರೆ ವಾಕ್ಯ ನಯವಾಗಿದೆ, ಅನುಮಾನ ಹುಟ್ಟಿಸುವುದಿಲ್ಲ. ಓದುಗನನ್ನು ನಡುನೀರಿನಲ್ಲಿ ಕೈಬಿಟ್ಟಿದ್ದೇನೆ ಎಂಬುದು ಸೇವೆಗೂ ಗೊತ್ತಿಲ್ಲ, ಓದುಗನಿಗೂ ಗೊತ್ತಾಗುವುದಿಲ್ಲ.

ಹೀಗಾದಾಗ ನಾನು ಮೊರೆಹೋದದ್ದು ಲಿಸ್ಬನ್ನಿನ ಪ್ರಿಬೆರಾಂ ಸಂಸ್ಥೆಯ ಜಾಲ ನಿಘಂಟಿಗೆ. ಪೋರ್ಚುಗೀಸಿಗೆ ಪೋರ್ಚುಗೀಸಿನಲ್ಲಿಯೇ ಅರ್ಥ ಹೇಳುವ ನಿಘಂಟು ಅದು. ಬಳಕೆಗೆ ಹಣವಿಲ್ಲ; ಪೋರ್ಚುಗಲ್ಲಿನ ಕಾಗುಣಿತವನ್ನೂ ಬ್ರೆಜಿಲಿನ ಕಾಗುಣಿತವನ್ನೂ ಗಣನೆಗೆ ತೆಗೆದುಕೊಳ್ಳುತ್ತದೆ; ಕ್ರಿಯಾಪದಗಳ ಎಲ್ಲ ರೂಪಗಳನ್ನು ಬಿಡಿಸಿ ತೋರಿಸುತ್ತದೆ. ಪೋರ್ಚುಗೀಸು ಕಲಿಯುವ ಕನ್ನಡಿಗರು ಮೊದಲ ಆರು ತಿಂಗಳು ಕಳೆದ ಮೇಲೆ ಇಂಗ್ಲಿಷ್ ನಿಘಂಟನ್ನು ಬದಿಗಿಟ್ಟು ಇಂಥ ಏಕಭಾಷಾ ನಿಘಂಟನ್ನು ಕೈಗೆತ್ತಿಕೊಳ್ಳಬೇಕೆಂದು ನಾನು ಒತ್ತಾಯಿಸಿ ಹೇಳುತ್ತೇನೆ. ವಿವರಣೆಯೊಳಗೆ ಮರ, ಹಲಗೆ, ತೊರೆ ಎಂಬ ಪದಗಳು ಕಂಡರೆ ವಸ್ತು ತಾನಾಗಿಯೇ ಕಣ್ಣೆದುರು ನಿಲ್ಲುತ್ತದೆ. ಅದಕ್ಕೆ ಕನ್ನಡದಲ್ಲಿ ಏನೆನ್ನುತ್ತಾರೆಂಬುದು ಆಮೇಲೆ ತಾನೇ ಹೊಳೆಯುತ್ತದೆ.

ಪೋರ್ಚುಗೀಸು ನಿಘಂಟುಗಳು ಪಿಂಗೆಲಾಗೆ ಇನ್ನೂ ಒಂದು ಅರ್ಥವನ್ನು ಕೊಡುತ್ತವೆ, ನನಗದು ಮೊದಲು ತಿಳಿದಿರಲಿಲ್ಲ. ಹಕ್ಕಿ ಹಿಡಿಯುವ ಉರುಳನ್ನು ಹೂಡುವಾಗ ಅದನ್ನು ಬಿಗಿಯಾಗಿ ತಡೆದು ನಿಲ್ಲಿಸುವ ಪುಟ್ಟ ಕಡ್ಡಿಗೂ ಪಿಂಗೆಲಾ ಎಂದೇ ಹೆಸರು. ಹಕ್ಕಿ ಮುಟ್ಟಿದೊಡನೆ ಕಡ್ಡಿ ಜಾರುತ್ತದೆ, ಉರುಳು ಬಿಗಿಯುತ್ತದೆ. ಇದರ ಸೋದರ ಪದವಾದ ಪಿಂಗೆಲು ಬ್ರೆಜಿಲಿನಲ್ಲಿ ಬಂದೂಕಿನ ಕುದುರೆಗೂ ಬಳಕೆಯಾಗುತ್ತದೆ. ಹಳ್ಳದ ಮೇಲಿನ ಮರಕ್ಕೂ ಉರುಳಿನ ಕಡ್ಡಿಗೂ ಏನು ಸಂಬಂಧವೆಂದು ನಾನು ಬಹಳ ಹೊತ್ತು ಯೋಚಿಸಿದೆ. ಎರಡೂ ತನಗೆ ಮೀರಿದ ಭಾರವನ್ನು ಸ್ವಲ್ಪ ಹೊತ್ತು ತಡೆದು ನಿಲ್ಲುವ ತೆಳುವಾದ ಮರದ ತುಂಡುಗಳು ಎಂಬುದಷ್ಟೇ ನನಗೆ ಕಂಡ ಸಾಮ್ಯ. ಕಾರ್ದೊಜೊ ಅವರ ಮನಸ್ಸಿನಲ್ಲಿ ಇದ್ದದ್ದು ಹಳ್ಳದ ಪಿಂಗೆಲಾ ಎಂಬುದರಲ್ಲಿ ಸಂಶಯವಿಲ್ಲ. ಆದರೂ ಈ ಇನ್ನೊಂದು ಅರ್ಥ ತಿಳಿದ ಮೇಲೆ ಅವರ ಮಾತನ್ನು ಮೊದಲಿನಂತೆ ಓದಲು ನನಗೆ ಆಗಿಲ್ಲ. ನಾನು ಚಂದಾ ಕಟ್ಟಿದ ಸೇವೆ ಈ ಅರ್ಥದ ವಾಕ್ಯವನ್ನೂ ಹಕ್ಕಿಗಳ ಸೇತುವೆ ಎಂದು ಅನುವಾದಿಸಿತು.

ನಿಘಂಟು ವಸ್ತುವನ್ನು ತೋರಿಸಿತು. ಆ ಪದವನ್ನು ಆಡುವವರ ಮುಖಭಾವವನ್ನು ತೋರಿಸಿದವರು ವಾರಕ್ಕೊಮ್ಮೆ ವಿಡಿಯೊ ಕರೆಯಲ್ಲಿ ನನಗೆ ಪಾಠ ಹೇಳುವ ಶಿಕ್ಷಕಿ. ಅವರು ಮಿನಾಸ್ ಜೆರಾಯಿಸ್ ರಾಜ್ಯದ ಒಳನಾಡಿನವರು. ಪಿಂಗೆಲಾ ಎಂದರೇನೆಂದು ಕೇಳಿದಾಗ ಅವರು ಮಾತಿನಲ್ಲಿ ವಿವರಿಸಲಿಲ್ಲ. ಎರಡು ಪುಸ್ತಕಗಳನ್ನು ಒಂದಿಷ್ಟು ಅಂತರದಲ್ಲಿ ಇಟ್ಟು, ನಡುವೆ ಪೆನ್ಸಿಲನ್ನು ಅಡ್ಡಲಾಗಿರಿಸಿ, ಎರಡು ಬೆರಳುಗಳನ್ನು ಅದರ ಮೇಲೆ ನಡೆಸಿದರು. ನಡುವಿಗೆ ಬಂದಾಗ ಬೆರಳುಗಳು ನಿಂತವು, ಪೆನ್ಸಿಲ್ ಸ್ವಲ್ಪ ಉರುಳಿತು, ಅವರು ಉಸಿರು ಬಿಗಿಹಿಡಿದು ನನ್ನತ್ತ ನೋಡಿದರು. ಅಜ್ಜನ ಜಮೀನಿನಲ್ಲಿ ನೀಲಗಿರಿ ಮರದ ಪಿಂಗೆಲಾ ಇತ್ತೆಂದು ಆಮೇಲೆ ಹೇಳಿದರು. ಹೊರೆ ಹೊತ್ತವರು ಮೊದಲು ಎಂಬ ನಮ್ಮೂರಿನ ನಿಯಮವನ್ನು ನಾನು ಹೇಳಿದಾಗ ಅವರಿಗೆ ಅಚ್ಚರಿಯಾಗಲಿಲ್ಲ.

ಸರ್ಕಾರವನ್ನು ಗಂಬಿಯಾರಾ ಎಂದು ಯಾಕೆ ಕರೆಯಲಿಲ್ಲ ಎಂದೂ ಅವರನ್ನು ಕೇಳಿದ್ದೆ. ಬ್ರೆಜಿಲಿನಲ್ಲಿ ತಾತ್ಕಾಲಿಕ ವ್ಯವಸ್ಥೆಗಳಿಗೆಲ್ಲ ಬಳಸುವ ಪದ ಅದು. ತಂತಿಗೆ ತಂತಿ ಸುತ್ತಿ ದೀಪ ಉರಿಸುವಂಥ ಅಡ್ಡದಾರಿಯ ಜಾಣತನ. ಅವರ ಉತ್ತರ ನನ್ನ ಟಿಪ್ಪಣಿಯಲ್ಲಿ ಹೀಗಿದೆ: ಗಂಬಿಯಾರಾ ಮಾಡಿದವರು ಅದನ್ನು ಮುಚ್ಚಿಡುತ್ತಾರೆ ಅಥವಾ ಅದರ ಬಗ್ಗೆ ಹೆಮ್ಮೆಪಡುತ್ತಾರೆ, ಪಿಂಗೆಲಾ ವಿಷಯದಲ್ಲಿ ಮುಚ್ಚಿಡಲು ಏನೂ ಇಲ್ಲ, ಅದು ಮರ ಎಂಬುದು ಎಲ್ಲರಿಗೂ ಕಾಣುತ್ತದೆ, ಆದರೂ ಕಾಲಿಡಲೇಬೇಕು. ಈ ಒಂದು ಉತ್ತರಕ್ಕಾಗಿ ಆ ತಿಂಗಳ ಪಾಠದ ಶುಲ್ಕ ಪೂರ್ತಿ ಸಂದಿತು ಎಂದು ನಾನು ಭಾವಿಸುತ್ತೇನೆ.

ಕೊನೆಗೆ ನಾನು ಅನುವಾದದಲ್ಲಿ ಸಂಕ ಎಂದೇ ಬರೆದೆ. ಮೈಸೂರು, ಮಂಡ್ಯ, ಬಳ್ಳಾರಿಗಳ ಓದುಗರಿಗೆ ಈ ಪದ ಅಷ್ಟು ಬಳಕೆಯದಲ್ಲ ಎಂಬ ಅಳುಕಿತ್ತು. ಮೊದಲ ಸಲ ಕಾಲುಸಂಕ ಎಂದು ಬರೆದು, ಹಳ್ಳಕ್ಕೆ ಹಾಸಿದ ಅಡಿಕೆ ಮರ ಎಂಬ ನಾಲ್ಕು ಪದಗಳನ್ನು ವಾಕ್ಯದೊಳಗೇ ಸೇರಿಸಿ ಆ ಅಳುಕನ್ನು ಕಳೆದುಕೊಂಡೆ. ಬ್ರೆಜಿಲಿನ ಕತೆಗೆ ಅಡಿಕೆ ಮರ ಹೊಂದುವುದಿಲ್ಲವೆಂದು ಆಮೇಲೆ ಅನ್ನಿಸಿ ಅಡಿಕೆಯನ್ನು ತೆಗೆದು ಮರವನ್ನು ಉಳಿಸಿದೆ. ಬರೆಯುತ್ತ ಹೋದಂತೆ ಇನ್ನೊಂದು ವಿಷಯ ಗಮನಕ್ಕೆ ಬಂತು. ನಮ್ಮ ಸಂಕ ಸಂಸ್ಕೃತದ ಸಂಕ್ರಮದ ತದ್ಭವ. ನೀರನ್ನು ದಾಟಿಸುವ ದಾರಿ ಎಂಬ ಅರ್ಥ ಆ ಮೂಲಪದದಲ್ಲಿಯೇ ಇದೆ. ಸೂರ್ಯ ಒಂದು ರಾಶಿಯಿಂದ ಇನ್ನೊಂದಕ್ಕೆ ದಾಟುವ ಸಂಕ್ರಾಂತಿಯೂ, ಒಂದು ವ್ಯವಸ್ಥೆ ಹೋಗಿ ಇನ್ನೊಂದು ಬರುವ ನಡುವಿನ ಹೊತ್ತನ್ನು ನಾವು ಕರೆಯುವ ಸಂಕ್ರಮಣ ಕಾಲವೂ ಅದೇ ಬೇರಿನವು. ಕಾರ್ದೊಜೊ ಹೇಳಲು ಹೊರಟದ್ದು ಸಂಕ್ರಮಣ ಕಾಲದ ಸರ್ಕಾರವೊಂದರ ಬಗ್ಗೆ. ಅದಕ್ಕೆ ಅವರು ಆರಿಸಿದ್ದು ಸಂಕ ಎಂಬ ಪದ. ಪೋರ್ಚುಗೀಸಿನಲ್ಲಿ ಈ ಎರಡು ಪದಗಳು ಒಂದಕ್ಕೊಂದು ತಾಗುವುದಿಲ್ಲ, ಕನ್ನಡದಲ್ಲಿ ಮಾತ್ರ ತಾಗುತ್ತವೆ. ಮೂಲದಲ್ಲಿಲ್ಲದ ಈ ನಂಟನ್ನು ಅನುವಾದದಲ್ಲಿ ಎತ್ತಿ ತೋರಿಸಲಿಲ್ಲ, ಆದರೆ ಸಂಕ ಎಂದು ಬರೆದದ್ದು ಸರಿಯೆಂಬ ಧೈರ್ಯ ಅದರಿಂದ ಬಂತು.

ಸೇವೆಯ ಬಗ್ಗೆ ನ್ಯಾಯವಾಗಿ ಹೇಳಬೇಕಾದ ಒಳ್ಳೆಯ ಮಾತುಗಳೂ ಇವೆ. ಸರ್ಕಾರಿ ಪ್ರಕಟಣೆ, ವಿಮಾನ ನಿಲ್ದಾಣದ ಫಲಕ, ಔಷಧಿ ಚೀಟಿಯ ಮೇಲಿನ ಸೂಚನೆ, ಬ್ಯಾಂಕಿನ ಪತ್ರ ಇಂಥವುಗಳನ್ನು ಅದು ಕ್ಷಣಮಾತ್ರದಲ್ಲಿ ಓದಬಲ್ಲ ಕನ್ನಡಕ್ಕೆ ತರುತ್ತದೆ. ಸಂಖ್ಯೆ ಮತ್ತು ದಿನಾಂಕಗಳಲ್ಲಿ ನಾನು ತಪ್ಪನ್ನು ಕಂಡಿಲ್ಲ. ಚಿತ್ರದಿಂದ ಅಕ್ಷರ ಓದುವ ಸೌಲಭ್ಯ ಹಳೆಯ ಪತ್ರಿಕೆಯ ಮಸುಕಾದ ಪುಟದ ಮೇಲೂ ಚೆನ್ನಾಗಿ ನಡೆಯಿತು. ಕೆಲಸದ ಮೇಲೆ ಸಾವೊ ಪೌಲೊಗೆ ಹೋಗುವವರಿಗೆ ಅದು ಸಾಕು. ಪ್ರಬಂಧ, ಕತೆ, ರಾಜಕೀಯ ವಿಶ್ಲೇಷಣೆಗಳನ್ನು ಅನುವಾದಿಸುವವರಿಗೆ ನಾನು ಅದನ್ನು ಶಿಫಾರಸು ಮಾಡಲಾರೆ, ಕರಡಿಗೂ ಸಹ. ಏಕೆಂದರೆ ಆ ನಯವಾದ ಕರಡನ್ನು ಒಮ್ಮೆ ಓದಿದ ಮೇಲೆ ಮೂಲವನ್ನು ಹೊಸಗಣ್ಣಿನಿಂದ ನೋಡುವುದು ಕಷ್ಟವಾಗುತ್ತದೆ. ಅಂಥವರು ಅದೇ ಹಣವನ್ನು ತಿಂಗಳಿಗೆ ಒಂದೆರಡು ಪಾಠಗಳಿಗೆ ಕೊಟ್ಟರೆ ಲಾಭ ಹೆಚ್ಚು.

ಸೇವೆಯಲ್ಲಿ ಬಳಕೆದಾರರು ತಿದ್ದುಪಡಿ ಸೂಚಿಸುವ ಒಂದು ಚೌಕವಿದೆ. ಮೂರು ತಿಂಗಳ ಹಿಂದೆ ಅದರಲ್ಲಿ ಪಿಂಗೆಲಾ ಎದುರಿಗೆ ಸಂಕ, ಕಾಲುಸಂಕ ಎಂದು ಬರೆದು, ವಾಕ್ಯದ ಉದಾಹರಣೆಯೊಂದನ್ನೂ ಸೇರಿಸಿ ಕಳುಹಿಸಿದೆ. ಧನ್ಯವಾದದ ಸಂದೇಶ ತಕ್ಷಣ ಬಂತು. ಮೊನ್ನೆ ಚಂದಾ ಮುಗಿಯುವ ದಿನ ಬರಿಗಾಲಿನ ಹುಡುಗನ ವಾಕ್ಯವನ್ನು ಮತ್ತೊಮ್ಮೆ ಕೊಟ್ಟು ನೋಡಿದಾಗ ಅವನು ಇನ್ನೂ ಪಾದಚಾರಿ ಮೇಲ್ಸೇತುವೆಯ ಮೇಲೆಯೇ ಇದ್ದನು. ನಾನು ಚಂದಾ ನವೀಕರಿಸಲಿಲ್ಲ.